ಟಿಕೆಟ್... ಟಿಕೆಟ್! (ಕ್ವಾಂಟಮ್ ಸೇತುವೆಗಳ ಒಂದು ಪುಟ್ಟ ಇತಿಹಾಸ)

ಬಹಳ ದಿನಗಳಾಯ್ತು ಇಲ್ಲಿ ಏನಾದರೂ ಗೀಚಿ. ಆಫೀಸು, ರಿಲೀಸು, ಮತ್ತೆ ಆಫೀಸು... ಇದ್ದದ್ದೇ ಬಿಡಿ. ಇವತ್ತು ಬರೆಯಲು ಕೂರಿಸಿದ್ದು ಎರಡು ರಾತ್ರಿ ನನ್ನ ನಿದ್ದೆಗೆಡಿಸಿದ ಎರಡು ಉತ್ತರಗಳು: ಒಂದು 001, ಇನ್ನೊಂದು 100.

ಆದದ್ದಿಷ್ಟು. ಕೆಲವು ತಿಂಗಳಿಂದ ಶನಿವಾರ-ಭಾನುವಾರಗಳಲ್ಲಿ ಕ್ವಾಂಟಮ್ ಕಂಪ್ಯೂಟಿಂಗ್ ಕಲಿಯುವ ಹುಚ್ಚು ಹಿಡಿಸಿಕೊಂಡಿದ್ದೇನೆ. ಗೂಗಲ್‌ನವರ 'ಸರ್ಕ್' ಎಂಬ ತಂತ್ರಾಂಶದಲ್ಲಿ ಬರೆದಿದ್ದ ಒಂದು ಪ್ರೋಗ್ರಾಮನ್ನು ಐಬಿಎಂನವರ 'ಕಿಸ್ಕಿಟ್'ಗೆ ಸಾಲು ಸಾಲಾಗಿ ಕೈಯಾರೆ ಬದಲಾಯಿಸಿದೆ. ಓಡಿಸಿದರೆ ಉತ್ತರ ಪೂರ್ತಿ ಅಡ್ಡಾದಿಡ್ಡಿ! ಎಲ್ಲಿ ತಪ್ಪಿದೆ ಅಂತ ಹುಡುಕುತ್ತಾ ಒಂದೊಂದೇ ಸಾಲು ಕಿತ್ತು ಹಾಕಿದೆ. ಕೊನೆಗೆ ಉಳಿದದ್ದು ಮೂರು ಕ್ಯೂಬಿಟ್, ಒಂದೇ ಒಂದು ಗೇಟ್. ಮೊದಲನೇ ಕ್ಯೂಬಿಟ್ಟನ್ನು 0ಯಿಂದ 1ಕ್ಕೆ ತಿರುಗಿಸು, ಅಷ್ಟೇ. ಸರ್ಕ್ 100 ಎಂದಿತು. ಕಿಸ್ಕಿಟ್ 001 ಎಂದಿತು. ಎರಡೂ ಸರಿ! ಒಂದು ಎಡದಿಂದ ಎಣಿಸುತ್ತದೆ, ಇನ್ನೊಂದು ಬಲದಿಂದ. ಇದನ್ನು ಕಂಡುಕೊಳ್ಳಲು ನನಗೆ ಎರಡು ರಾತ್ರಿ ಬೇಕಾಯಿತು.

ಆಮೇಲೆ ಗೊತ್ತಾಯ್ತು, ಈ ಕೆಲಸಕ್ಕೆಂದೇ ಯಾರೋ ಪುಣ್ಯಾತ್ಮರು ಮುಕ್ತ ತಂತ್ರಾಂಶವೊಂದನ್ನು ಬರೆದಿಟ್ಟಿದ್ದಾರೆ ಅಂತ. ಹೆಸರು 'ಪೈಟಿಕೆಟ್'. ಅದಕ್ಕೆ ಅಂಟಿಸಿಕೊಳ್ಳುವ 'ಪೈಟಿಕೆಟ್-ಕಿಸ್ಕಿಟ್', 'ಪೈಟಿಕೆಟ್-ಸರ್ಕ್' ಎಂಬ ವಿಸ್ತರಣೆಗಳು ಬೇರೆ. ಇವು ಹೇಗೆ ಹುಟ್ಟಿದವು ಎಂದು ಓದುತ್ತಾ ಹೋದಂತೆ ಅದೇ ಒಂದು ಒಳ್ಳೆಯ ಕಥೆಯಾಯಿತು. ಪತ್ರಿಕೆಗಳಲ್ಲಿ ಬರುವ ಕ್ವಾಂಟಮ್ ಇತಿಹಾಸವೆಲ್ಲ "ಇವರು ಇಷ್ಟು ಕ್ಯೂಬಿಟ್ ಮಾಡಿದರು, ಅವರು ಅಷ್ಟು ಮಾಡಿದರು" ಎನ್ನುವ ಓಟದ ಪಂದ್ಯದ ವರದಿ. ನಾನು ಹೇಳ ಹೊರಟಿರುವುದು ಓಡಿದವರ ಕಥೆಯಲ್ಲ, ಒಂದು ಮೈದಾನದಿಂದ ಇನ್ನೊಂದಕ್ಕೆ ಹಲಗೆ ಹಾಕಿಕೊಟ್ಟವರ ಕಥೆ.

ಮೊದಲು ಎರಡು ಮಾತು, ಕ್ಯೂಬಿಟ್ ಅಂದರೇನು ಎನ್ನುವವರಿಗಾಗಿ. ನಮ್ಮ ಮಾಮೂಲಿ ಕಂಪ್ಯೂಟರಿನ ಬಿಟ್ 0 ಆಗಿರುತ್ತದೆ, ಇಲ್ಲವೇ 1. ಕ್ಯೂಬಿಟ್ ಇವೆರಡರ ಬೆರಕೆ ಸ್ಥಿತಿಯಲ್ಲೂ ಇರಬಲ್ಲದು. ಅಳೆದು ನೋಡಿದಾಗ ಮಾತ್ರ 0 ಅಥವಾ 1 ಎಂದು ಉತ್ತರ ಕೊಡುತ್ತದೆ. ಕ್ಯೂಬಿಟ್‌ಗಳ ಮೇಲೆ ನಡೆಸುವ ಒಂದೊಂದು ಕ್ರಿಯೆಗೂ 'ಗೇಟ್' ಎಂದು ಹೆಸರು, ಗೇಟ್‌ಗಳ ಸಾಲಿಗೆ 'ಸರ್ಕ್ಯೂಟ್'. ಸದ್ಯಕ್ಕೆ ಇಷ್ಟು ಸಾಕು.

ಈ ಕಲ್ಪನೆಗೆ ನಲವತ್ತು ವರ್ಷ ದಾಟಿದೆ. 1980ರಲ್ಲಿ ಪಾಲ್ ಬೆನಿಯಾಫ್ ಕ್ವಾಂಟಮ್ ನಿಯಮಗಳ ಪ್ರಕಾರ ನಡೆಯುವ ಗಣಕಯಂತ್ರದ ಮಾದರಿಯೊಂದನ್ನು ಪ್ರಕಟಿಸಿದರು. 1981ರಲ್ಲಿ ಬಾಸ್ಟನ್ ಹತ್ತಿರ ಎಂಐಟಿಯವರ ಎಂಡಿಕಾಟ್ ಹೌಸಿನಲ್ಲಿ ನಡೆದ ಸಮ್ಮೇಳನದಲ್ಲಿ ರಿಚರ್ಡ್ ಫೈನ್‌ಮನ್, ಪ್ರಕೃತಿಯೇ ಕ್ವಾಂಟಮ್ ಆಗಿರುವಾಗ ಅದನ್ನು ಅನುಕರಿಸುವ ಯಂತ್ರವೂ ಕ್ವಾಂಟಮ್ ಆಗಿರಬೇಕು ಎಂದು ವಾದಿಸಿದರು. 1985ರಲ್ಲಿ ಆಕ್ಸ್‌ಫರ್ಡಿನ ಡೇವಿಡ್ ಡಾಯ್ಚ್ ಸಾರ್ವತ್ರಿಕ ಕ್ವಾಂಟಮ್ ಗಣಕದ ಸಿದ್ಧಾಂತ ಕೊಟ್ಟರು. 1994ರಲ್ಲಿ ಬೆಲ್ ಲ್ಯಾಬ್ಸ್‌ನ ಪೀಟರ್ ಶೋರ್, ಇಂಥ ಯಂತ್ರವೊಂದಿದ್ದರೆ ದೊಡ್ಡ ಸಂಖ್ಯೆಗಳ ಅಪವರ್ತನ ಬೇಗ ಮಾಡಬಹುದು ಎಂದು ತೋರಿಸಿದಾಗ ಬ್ಯಾಂಕಿನವರಿಂದ ಹಿಡಿದು ಮಿಲಿಟರಿಯವರ ತನಕ ಎಲ್ಲರ ಕಿವಿ ನೆಟ್ಟಗಾಯಿತು. ಇಂಟರ್‌ನೆಟ್ಟಿನ ಬಹುಪಾಲು ಗುಟ್ಟುಗಳ ಬೀಗ ನಿಂತಿದ್ದೇ ಆ ಲೆಕ್ಕ ಕಷ್ಟ ಎನ್ನುವ ನಂಬಿಕೆಯ ಮೇಲೆ!

ಆದರೆ ಅಷ್ಟೂ ವರ್ಷ ಇದೆಲ್ಲ ಕಾಗದದ ಮೇಲಿನ ಗಣಿತ, ಇಲ್ಲವೇ ಬೀಗ ಹಾಕಿದ ಪ್ರಯೋಗಾಲಯದೊಳಗಿನ ಮಾತು. ನನ್ನಂಥವನಿಗೆ ಬಾಗಿಲು ತೆರೆದದ್ದು 2016ರ ಮೇ 4ರಂದು. ಐಬಿಎಂ ಸಂಸ್ಥೆ ಐದು ಕ್ಯೂಬಿಟ್‌ಗಳ ನಿಜವಾದ ಯಂತ್ರವೊಂದನ್ನು ಅಂತರ್ಜಾಲಕ್ಕೆ ತಗುಲಿಸಿ "ಯಾರು ಬೇಕಾದರೂ ಬಳಸಿ" ಎಂದಿತು. ಯಂತ್ರ ನ್ಯೂಯಾರ್ಕ್ ರಾಜ್ಯದ ಯಾರ್ಕ್‌ಟೌನ್ ಹೈಟ್ಸ್‌ನಲ್ಲಿ, ಬಳಸುವವನು ಎಲ್ಲಾದರೂ ಇರಲಿ. ಪರದೆಯ ಮೇಲೆ ಐದು ಗೆರೆ. ಗೇಟ್‌ಗಳನ್ನು ಎಳೆದು ತಂದು ಆ ಗೆರೆಗಳ ಮೇಲೆ ಕೂರಿಸಬೇಕು. ಪಾಶ್ಚಾತ್ಯ ಸಂಗೀತದ ಸ್ವರಲಿಪಿ ಬರೆದ ಹಾಗೆ. ಅದನ್ನು ಅವರು ಕರೆದದ್ದೂ 'ಕಂಪೋಸರ್' ಎಂದೇ.

ಅಲ್ಲಿಂದ ಮುಂದೆ ನೋಡಿ, ಮಳೆ ಬಿದ್ದ ಮೇಲೆ ಅಣಬೆ ಎದ್ದ ಹಾಗೆ ತಂತ್ರಾಂಶಗಳು ಎದ್ದವು. ಅದೇ 2016ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ರಿಗೆಟ್ಟಿ ಕಂಪನಿಯವರು 'ಕ್ವಿಲ್' ಎಂಬ ಆದೇಶಭಾಷೆಯ ಬಗ್ಗೆ ಪ್ರಬಂಧ ತಂದರು. ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನಿಂದ 'ಪ್ರಾಜೆಕ್ಟ್‌ಕ್ಯೂ' ಬಂತು. 2017ರ ಮಾರ್ಚಿನಲ್ಲಿ ಐಬಿಎಂನ ಕಿಸ್ಕಿಟ್, ಡಿಸೆಂಬರಿನಲ್ಲಿ ಮೈಕ್ರೋಸಾಫ್ಟಿನ 'ಕ್ಯೂ ಶಾರ್ಪ್'. 2018ರ ಜುಲೈನಲ್ಲಿ ಗೂಗಲ್‌ನ ಸರ್ಕ್, ನವೆಂಬರಿನಲ್ಲಿ ಕೆನಡಾದ ಟೊರಾಂಟೋದಿಂದ ಜನಾಡು ಕಂಪನಿಯ 'ಪೆನಿಲೇನ್'. ಎರಡೂವರೆ ವರ್ಷದಲ್ಲಿ ಅರ್ಧ ಡಜನ್! ಹೆಚ್ಚಿನವು ಬಳಸಿದ್ದು ಒಂದೇ ಪೈಥಾನ್ ಭಾಷೆಯನ್ನು. ಆದರೂ ಒಂದರಲ್ಲಿ ಬರೆದ ಸರ್ಕ್ಯೂಟನ್ನು ಇನ್ನೊಂದಕ್ಕೆ ಕೊಟ್ಟರೆ "ಇದೇನಿದು?" ಎಂದು ಮುಖ ನೋಡುತ್ತಿದ್ದವು.

ಬರಹ, ನುಡಿ, ಶ್ರೀಲಿಪಿ ಎಂದು ಒದ್ದಾಡಿದವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಾಗಿಲ್ಲ ಅಲ್ವೇ? ಒಂದೇ ಕನ್ನಡ, ಆದರೆ ಒಂದು ತಂತ್ರಾಂಶದಲ್ಲಿ ಟೈಪಿಸಿದ ಕಡತ ಇನ್ನೊಂದು ಗಣಕದಲ್ಲಿ ತೆರೆದರೆ ಹುಳುಗಳ ಮೆರವಣಿಗೆ :)

ಹಾಗಾದರೆ ಇವರೆಲ್ಲ ಹಠಮಾರಿಗಳೇ? ಒಂದೇ ಭಾಷೆ ಮಾಡಿಕೊಂಡಿದ್ದರೆ ಆಗುತ್ತಿರಲಿಲ್ಲವೇ? ನಾನೂ ಮೊದಲು ಹೀಗೇ ಬೈದುಕೊಂಡೆ. ಆದರೆ ಯಂತ್ರಗಳೇ ಬೇರೆ ಬೇರೆ. ಐಬಿಎಂ, ಗೂಗಲ್, ರಿಗೆಟ್ಟಿಯವರದು ಅತಿಶೀತದಲ್ಲಿ ನಡೆಯುವ ಅತಿವಾಹಕ ಸರ್ಕ್ಯೂಟುಗಳು. ಅಲ್ಲಿ ಪ್ರತಿ ಕ್ಯೂಬಿಟ್ಟೂ ತನ್ನ ಅಕ್ಕಪಕ್ಕದವರೊಡನೆ ಮಾತ್ರ ನೇರವಾಗಿ ವ್ಯವಹರಿಸಬಲ್ಲದು. ಐಬಿಎಂನ ಆರಂಭದ ಐದು ಕ್ಯೂಬಿಟ್ ಯಂತ್ರಗಳಲ್ಲೂ ಕೆಲವು ನಿರ್ದಿಷ್ಟ ಜೋಡಿಗಳ ನಡುವೆ ಮಾತ್ರ ಗೇಟ್ ಹಾಕಲು ಸಾಧ್ಯವಿತ್ತು. ಹನಿವೆಲ್‌ನವರದು ಬೇರೆಯೇ ದಾರಿ. ಅಲ್ಲಿ ವಿದ್ಯುತ್ ಕ್ಷೇತ್ರದಲ್ಲಿ ತೇಲುವ ಅಯಾನುಗಳೇ ಕ್ಯೂಬಿಟ್. ಬೇಕಾದವರ ಪಕ್ಕಕ್ಕೆ ಅಯಾನನ್ನೇ ಜರುಗಿಸಿಬಿಡಬಹುದು, ಹಾಗಾಗಿ ಯಾರು ಯಾರ ಜೊತೆಗಾದರೂ ಮಾತಾಡಬಹುದು. ಮೂಲ ಗೇಟ್‌ಗಳೂ ಒಂದೊಂದು ಯಂತ್ರಕ್ಕೆ ಒಂದೊಂದು ಬಗೆ. ಪ್ರತಿಯೊಬ್ಬರೂ ತಮ್ಮ ಯಂತ್ರದ ಮೈಕಟ್ಟಿಗೆ ಹೊಂದುವ ಅಂಗಿ ಹೊಲಿಸಿಕೊಂಡರು. ತಪ್ಪೇನಿಲ್ಲ. ಆದರೆ ಬಳಸುವವನ ಗತಿ?

ಈ ತಲೆನೋವು ಗಣಕಲೋಕಕ್ಕೆ ಹೊಸದಲ್ಲ. 1950ರ ದಶಕದಲ್ಲೂ ಹೀಗೇ ಆಗಿತ್ತು. ಭಾಷೆಗಳು ಹತ್ತಾರು, ಯಂತ್ರಗಳು ಹತ್ತಾರು, ಪ್ರತಿ ಜೋಡಿಗೂ ಒಂದು ಅನುವಾದಕ ಬರೆಯಬೇಕಿತ್ತು. ಆರು ಭಾಷೆ, ಐದು ಯಂತ್ರ ಎಂದರೆ ಮೂವತ್ತು ಅನುವಾದಕಗಳು. 1958ರಲ್ಲಿ ಅಮೆರಿಕದಲ್ಲಿ 'ಅನ್ಕೋಲ್' ಎಂಬ ಪ್ರಸ್ತಾಪ ಬಂತು: ನಡುವೆ ಒಂದು ಸಾಮಾನ್ಯ ಭಾಷೆ ಇಡೋಣ, ಎಲ್ಲ ಭಾಷೆಗಳೂ ಅದಕ್ಕೆ ಇಳಿಯಲಿ, ಅಲ್ಲಿಂದ ಎಲ್ಲ ಯಂತ್ರಗಳಿಗೂ ಹೋಗಲಿ. ಆಗ ಆರು ಕೂಡಿಸು ಐದು, ಹನ್ನೊಂದೇ ಸಾಕು! ಅನ್ಕೋಲ್ ಕೈಗೂಡಲಿಲ್ಲ. ಆದರೆ 'ನಡುಮನೆ'ಯ ಆ ಆಲೋಚನೆ ಸಾಯಲಿಲ್ಲ. ಇವತ್ತು ನಮ್ಮ ಫೋನು, ಲ್ಯಾಪ್‌ಟಾಪುಗಳ ಎಷ್ಟೋ ತಂತ್ರಾಂಶಗಳನ್ನು ಕಟ್ಟುವ ಎಲ್‌ಎಲ್‌ವಿಎಂ ನಿಂತಿರುವುದು ಅದೇ ತತ್ತ್ವದ ಮೇಲೆ.

ಕ್ವಾಂಟಮ್ ಲೋಕದಲ್ಲಿ ಈ ಹಳೇ ಆಲೋಚನೆಯನ್ನು ಎತ್ತಿಕೊಂಡವರಲ್ಲಿ ಒಂದು ಗುಂಪು ಇಂಗ್ಲೆಂಡಿನ ಕೇಂಬ್ರಿಜ್‌ನದು. ಇಲ್ಯಾಸ್ ಖಾನ್ 2014ರಲ್ಲಿ ಸ್ಥಾಪಿಸಿದ ಕೇಂಬ್ರಿಜ್ ಕ್ವಾಂಟಮ್ ಕಂಪ್ಯೂಟಿಂಗ್ ಕಂಪನಿ. ಆಗ ಅವರ ಹತ್ತಿರ ಸ್ವಂತ ಕ್ವಾಂಟಮ್ ಯಂತ್ರ ಇರಲಿಲ್ಲ. ಬಹುಶಃ ಅದೇ ಅವರ ಅನುಕೂಲವೂ ಆಯ್ತು ಅನ್ನಿಸುತ್ತೆ, ಯಾವ ಯಂತ್ರದ ಪಕ್ಷವನ್ನೂ ವಹಿಸಬೇಕಾಗಿರಲಿಲ್ಲವಲ್ಲ. ಅವರು ಮಾಡಿದ ಕಂಪೈಲರಿನ ಹೆಸರು 'ಟಿಕೆಟ್'. ಭೌತವಿಜ್ಞಾನಿ ಪಾಲ್ ಡಿರಾಕ್ 1939ರಲ್ಲಿ ಕ್ವಾಂಟಮ್ ಸ್ಥಿತಿಗಳನ್ನು ಬರೆಯಲು ಒಂದು ಗೆರೆ, ಒಂದು ಕೋನಾಕಾರದ ಆವರಣ ಹಾಕುವ ಪದ್ಧತಿ ತಂದು ಅದಕ್ಕೆ 'ಕೆಟ್' ಎಂದಿದ್ದರು. ಆ ಕೆಟ್ಟನ್ನೇ ಬಾಲಕ್ಕೆ ಸಿಕ್ಕಿಸಿಕೊಂಡ ಶ್ಲೇಷೆ ಇದು. (ನನಗಂತೂ ಓದಿದ ಕೂಡಲೇ ಕಿವಿಯಲ್ಲಿ ಮೊಳಗಿದ್ದು ನಮ್ಮೂರ ಕೆಂಪು ಬಸ್ಸಿನ ಕಂಡಕ್ಟರ್ ದನಿ!) ಒಳಗಿನ ಎಂಜಿನ್ ಸಿ++ನಲ್ಲಿ, ಬಳಸುವವರಿಗೆ ಪೈಥಾನ್ ಬಾಗಿಲು. ಆ ಬಾಗಿಲಿನ ಹೆಸರೇ ಪೈಟಿಕೆಟ್. 2020ರ ಮಾರ್ಚಿನಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲೇ ಇದರ ಉದ್ದೇಶವಿತ್ತು: ಗುರಿ ಬದಲಾಯಿಸಿಕೊಳ್ಳಬಲ್ಲ ಕಂಪೈಲರ್.

ಇಲ್ಲಿ ಅವರು ಒಂದು ಜಾಣತನದ ಕೆಲಸ ಮಾಡಿದರು. ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಲಿಲ್ಲ. ನಡುಮನೆ ಒಂದು, ಅದರಿಂದ ಒಂದೊಂದು ದಿಕ್ಕಿಗೂ ಒಂದೊಂದು ಪ್ರತ್ಯೇಕ ಬಾಗಿಲು. ಕಿಸ್ಕಿಟ್ ಬೇಕಾದವನು ಪೈಟಿಕೆಟ್-ಕಿಸ್ಕಿಟ್ ಹಾಕಿಕೊಳ್ಳಲಿ, ಸರ್ಕ್ ಬೇಕಾದವನು ಪೈಟಿಕೆಟ್-ಸರ್ಕ್. ರಿಗೆಟ್ಟಿಗೆ, ಅಮೆಜಾನ್ ಬ್ರಾಕೆಟ್‌ಗೆ, ಪ್ರಾಜೆಕ್ಟ್‌ಕ್ಯೂಗೆ, ಪೆನಿಲೇನ್‌ಗೆ ಹೀಗೇ. ತಂತ್ರಾಂಶ ಬರೆಯುವವರಿಗೆ ಇದರ ಬೆಲೆ ಗೊತ್ತು. ಒಬ್ಬರ ಮನೆಯ ಪೈಪ್ ಒಡೆದರೆ ಇಡೀ ಬೀದಿಯ ನೀರು ನಿಲ್ಲುವುದಿಲ್ಲ.

ಪೈಟಿಕೆಟ್-ಕಿಸ್ಕಿಟ್ ಅನ್ನೇ ತೆಗೆದುಕೊಳ್ಳಿ. ಅದು ಮಾಡುವುದು ಮುಖ್ಯವಾಗಿ ಮೂರು ಕೆಲಸ. ಒಂದು, ಕಿಸ್ಕಿಟ್ ಸರ್ಕ್ಯೂಟನ್ನು ಟಿಕೆಟ್ ಸರ್ಕ್ಯೂಟಾಗಿಸುವುದು, ಮತ್ತು ವಾಪಸ್ಸು ಬದಲಾಯಿಸುವುದು. ಎರಡು, ಟಿಕೆಟ್‌ನಲ್ಲಿ ಬರೆದದ್ದನ್ನು ಐಬಿಎಂ ಯಂತ್ರದ ಮೇಲೋ ಐಬಿಎಂನವರದೇ 'ಏರ್' ಸಿಮ್ಯುಲೇಟರಿನ ಮೇಲೋ ಓಡಿಸುವುದು. ದೂರದ ಕ್ಯೂಬಿಟ್‌ಗಳ ನಡುವೆ ಗೇಟ್ ಬೇಕಾದರೆ ನಡುವೆ ಅದಲುಬದಲು ಮಾಡಿಸಿ ಅವನ್ನು ಅಕ್ಕಪಕ್ಕ ತರುವ ಹೊಣೆಯೂ ಕಂಪೈಲರಿನದೇ. ಪ್ರತಿ ಅದಲುಬದಲಿನಲ್ಲೂ ದೋಷ ಕೂಡಿಕೊಳ್ಳುವುದರಿಂದ ಅವು ಆದಷ್ಟೂ ಕಮ್ಮಿ ಇರಬೇಕು. ಮೂರನೆಯದು ನನಗೆ ಬಹಳ ಇಷ್ಟವಾದದ್ದು. ಟಿಕೆಟ್‌ಗೆ ಗೊತ್ತಿರುವ ಬೇರೆ ಯಂತ್ರವನ್ನು ಕಿಸ್ಕಿಟ್‌ಗೆ ತನ್ನದೇ ಯಂತ್ರವೆಂಬಂತೆ ತೋರಿಸುವ ಮುಖವಾಡ. ಕಿಸ್ಕಿಟ್ ಮಾತ್ರ ಬಲ್ಲವನು ಕಿಸ್ಕಿಟ್‌ನಲ್ಲೇ ಬರೆದು, ಕೆಲಸವನ್ನು ಇನ್ನೊಬ್ಬರ ಯಂತ್ರಕ್ಕೆ ಕಳಿಸಬಹುದು.

"ಪದ ತೆಗೆದು ಪದ ಹಾಕುವುದು ತಾನೇ, ಇದರಲ್ಲೇನು ಮಹಾ?" ಅನ್ನಬಹುದು. ನನ್ನ 001-100ರ ಕಥೆ ಕೇಳಿದಿರಲ್ಲ, ಅದೇ ಇದರಲ್ಲಿನ ಮಹಾ. ಯಾವ ತುದಿಯಿಂದ ಎಣಿಸಬೇಕು ಎಂಬ ಜಗಳಕ್ಕೆ ಗಣಕಲೋಕದಲ್ಲಿ ದೊಡ್ಡ ಇತಿಹಾಸವೇ ಇದೆ. 1726ರ ಗಲಿವರನ ಕಥೆಯಲ್ಲಿ ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯಬೇಕೋ ಸಣ್ಣ ತುದಿಯಿಂದಲೋ ಎಂದು ಯುದ್ಧವೇ ನಡೆಯುತ್ತದೆ. 1980ರ ಏಪ್ರಿಲ್ 1ರಂದು ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ ಆ ಹೆಸರುಗಳನ್ನೇ ಎತ್ತಿಕೊಂಡು, ಬಿಟ್‌ಗಳ ಕ್ರಮದ ಬಗ್ಗೆ ಶಾಂತಿಗಾಗಿ ಮನವಿ ಬರೆದರು. ಅಂದಿನಿಂದ ಬಂದದ್ದೇ ಬಿಗ್ ಎಂಡಿಯನ್, ಲಿಟಲ್ ಎಂಡಿಯನ್ ಎಂಬ ಪದಗಳು. ಮನವಿಗೆ ನಲವತ್ತು ವರ್ಷ ಕಳೆದರೂ ಶಾಂತಿ ಬಂದಿಲ್ಲ. ಕಿಸ್ಕಿಟ್ ಶೂನ್ಯನೇ ಕ್ಯೂಬಿಟ್ಟನ್ನು ಬಲತುದಿಗೆ ಬರೆಯುತ್ತದೆ, ಸರ್ಕ್ ಮತ್ತು ಟಿಕೆಟ್ ಎಡತುದಿಗೆ.

ನಮ್ಮ ಅರ್ಕಾವತ್ತಿನ ಗೋಳೂ ಇದೇ ತಾನೆ! 'ಅರ್ಕ' ಎಂದು ಉಚ್ಚರಿಸುವಾಗ ರಕಾರ ಮೊದಲು, ಕಕಾರ ಆಮೇಲೆ. ಯುನಿಕೋಡ್ ಶೇಖರಿಸಿಡುವುದೂ ಆ ಕ್ರಮದಲ್ಲೇ. ಆದರೆ ಕಣ್ಣಿಗೆ ಕಾಣುವಾಗ ಕಕಾರ ಮೊದಲು, ಅರ್ಕಾವತ್ತು ಆಮೇಲೆ. ಹಳೆಯ ನುಡಿ ಕಡತಗಳು ಕಣ್ಣಿಗೆ ಕಂಡ ಕ್ರಮದಲ್ಲೇ ಶೇಖರಿಸುತ್ತಿದ್ದವು. ಹಾಗಾಗಿ ಸಂಕೇತ ತೆಗೆದು ಸಂಕೇತ ಹಾಕಿದರೆ ಪರಿವರ್ತನೆ ಆಗುವುದಿಲ್ಲ, ಕನ್ನಡ ಗೊತ್ತಿರುವವನೇ ಕೂತು ಸಾಲುಗಟ್ಟಿಸಬೇಕು. ಯುನಿಕೋಡ್ ಪರಿವರ್ತಕ ಬರೆದವರೆಲ್ಲ ಈ ಅರ್ಕಾವತ್ತಿನ ಜೊತೆ ಗುದ್ದಾಡಿಯೇ ಬಂದವರು.

ಕ್ರಮ ಆಯಿತು, ಇನ್ನು ಅಳತೆ. ಕಿಸ್ಕಿಟ್‌ನಲ್ಲಿ ಕೋನಗಳನ್ನು ರೇಡಿಯನ್‌ಗಳಲ್ಲಿ ಕೊಡಬೇಕು. ಟಿಕೆಟ್‌ನಲ್ಲಿ ಅರ್ಧ ಸುತ್ತುಗಳಲ್ಲಿ. ಅಲ್ಲಿ 0.5 ಎಂದರೆ ಕಾಲು ಸುತ್ತು, ಅಂದರೆ 90 ಡಿಗ್ರಿ. ಅದೇ 0.5 ಅನ್ನು ಕಿಸ್ಕಿಟ್‌ಗೆ ಹಾಗೇ ಕೊಟ್ಟರೆ ಸುಮಾರು 29 ಡಿಗ್ರಿ ತಿರುಗುತ್ತದೆ. ದೋಷಸಂದೇಶ ಬರುವುದಿಲ್ಲ, ಪ್ರೋಗ್ರಾಮ್ ನಿಲ್ಲುವುದೂ ಇಲ್ಲ. ಉತ್ತರ ಮಾತ್ರ ತಪ್ಪು. 1999ರ ಸೆಪ್ಟೆಂಬರಿನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಕಳೆದುಹೋದದ್ದು ಒಬ್ಬರು ಪೌಂಡಿನಲ್ಲಿ ಕೊಟ್ಟದ್ದನ್ನು ಇನ್ನೊಬ್ಬರು ನ್ಯೂಟನ್ನಿನಲ್ಲಿ ಓದಿದ್ದರಿಂದ. ನನ್ನ ಪ್ರೋಗ್ರಾಮ್ ತಪ್ಪಿದರೆ ಹೋಗುವುದು ಎರಡು ರಾತ್ರಿಯ ನಿದ್ದೆ, ಅಷ್ಟೇ. ಆದರೆ ನಾಳೆ ಔಷಧಿಯ ಅಣುವಿನ ಲೆಕ್ಕ ಮಾಡುವವನಿಗೆ?

ಮೂರನೆಯದು ಎಲ್ಲಕ್ಕಿಂತ ಮೋಸದ್ದು, ಹೆಸರು ಒಂದೇ ಇದ್ದು ಅರ್ಥ ಬೇರೆ ಇರುವುದು. ಸಂಗೀತ ಬಲ್ಲವರಿಗೆ ಗೊತ್ತು, ಮೈಸೂರಿನ ಕಡೆಯ ಕರ್ನಾಟಕ ಸಂಗೀತದವರು 'ಶುದ್ಧ ರಿಷಭ' ಎನ್ನುವ ಸ್ವರ ಧಾರವಾಡದ ಹಿಂದೂಸ್ತಾನಿಯವರಿಗೆ 'ಕೋಮಲ ರಿಷಭ'. ಅವರ 'ಶುದ್ಧ' ಬೇರೆಯೇ, ಅದು ಇವರ ಚತುಶ್ರುತಿ. ಇಲ್ಲೂ ಹಾಗೆಯೇ. 2017ರಲ್ಲಿ ಐಬಿಎಂನವರು ತಂದ 'ಓಪನ್ ಕ್ವಾಸಮ್' ಎಂಬ ಬರಹ ರೂಪದ ಎರಡನೇ ಆವೃತ್ತಿಯ ಜೊತೆಗಿದ್ದ ಗೇಟ್ ಪಟ್ಟಿಯಲ್ಲಿ 'ಆರ್‌ಜೆಡ್' ಎಂಬ ಗೇಟಿಗೆ ಕೊಟ್ಟಿದ್ದ ಅರ್ಥಕ್ಕೂ, ಪಠ್ಯಪುಸ್ತಕಗಳ ಮತ್ತು ಟಿಕೆಟ್‌ನ ಆರ್‌ಜೆಡ್‌ಗೂ 'ಫೇಸ್' ಎಂಬ ಒಂದು ಸೂಕ್ಷ್ಮ ವ್ಯತ್ಯಾಸವಿದೆ. ಗೇಟ್ ಒಂಟಿಯಾಗಿದ್ದಾಗ ಅಳತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಇನ್ನೊಂದು ಕ್ಯೂಬಿಟ್ಟಿನ ಹಿಡಿತದಲ್ಲಿ ಅದೇ ಗೇಟನ್ನು ಇಟ್ಟರೆ ಉತ್ತರವೇ ಬದಲು. ಇಂಥದ್ದನ್ನು ಯಾರೋ ಒಬ್ಬರು ಕೂತು ಕಂಡುಹಿಡಿದು, ಪರಿವರ್ತಕದಲ್ಲಿ ಒಂದು ಸಾಲು ಸೇರಿಸಿ, ಅದಕ್ಕೊಂದು ಪರೀಕ್ಷೆ ಬರೆದಿಡಬೇಕು. ಅದು ಸುದ್ದಿಯಾಗುವುದಿಲ್ಲ. 2019ರ ಅಕ್ಟೋಬರಿನಲ್ಲಿ ಗೂಗಲ್ 53 ಕ್ಯೂಬಿಟ್‌ಗಳ ಸಿಕಮೋರ್ ಬಗ್ಗೆ ಹೇಳಿಕೊಂಡಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. "ಕೋನವನ್ನು ಪೈನಿಂದ ಗುಣಿಸಿದರು" ಎಂದು ಯಾರಾದರೂ ಮುಖಪುಟದಲ್ಲಿ ಹಾಕುತ್ತಾರೆಯೇ?

ಸೇತುವೆ ಒಮ್ಮೆ ಕಟ್ಟಿದರೆ ಮುಗಿಯಿತೇ? ಅದೂ ಇಲ್ಲ. ಎರಡೂ ದಡಗಳು ಸರಿಯುತ್ತಲೇ ಇರುತ್ತವೆ! ಮೊದಲು ಕಿಸ್ಕಿಟ್ ಟೆರಾ, ಏರ್, ಇಗ್ನಿಸ್, ಆಕ್ವಾ ಎಂದು ಪಂಚಭೂತಗಳ ಹಾಗೆ ಹಂಚಿಕೊಂಡಿತ್ತು. ಆಮೇಲೆ ಇಗ್ನಿಸ್, ಆಕ್ವಾಗಳನ್ನು ಕೈಬಿಟ್ಟರು. ಐಬಿಎಂ ಯಂತ್ರಕ್ಕೆ ಸಂಪರ್ಕ ಕೊಡುವ ಭಾಗವನ್ನೂ ಬದಲಿಸಿದರು. 2024ರ ಫೆಬ್ರವರಿಯಲ್ಲಿ ಕಿಸ್ಕಿಟ್ 1.0 ಬಂದಾಗ ಎಲ್ಲರೂ ವರ್ಷಗಟ್ಟಲೆ ಬಳಸುತ್ತಿದ್ದ 'ಎಕ್ಸಿಕ್ಯೂಟ್' ಎಂಬ ಆದೇಶವೇ ಮಾಯ. ಹಳೆಯದರ ಮೇಲೆ ಹೊಸದನ್ನು ಹಾಕಿಕೊಳ್ಳಲೂ ಬಾರದು, ಬೇರೆ ಜಾಗ ಮಾಡಿಕೊಂಡೇ ಹಾಕಬೇಕು ಎಂದರು. ಆಚೆ ದಡ ಹೀಗೆ ಸರಿದಾಗಲೆಲ್ಲ ಈಚೆ ಪೈಟಿಕೆಟ್-ಕಿಸ್ಕಿಟ್‌ನವರು ಹಲಗೆ ಕಿತ್ತು ಮತ್ತೆ ಹೊಡೆಯಬೇಕು. ನೋಡಿಕೊಳ್ಳುವವರು ಕೈಬಿಟ್ಟ ದಿನ ಸೇತುವೆ ಕೊಳೆಯಲು ಶುರು. ಇದನ್ನು ನಾವು ಕನ್ನಡ ತಂತ್ರಾಂಶಗಳಲ್ಲೂ ಕಂಡವರೇ.

ಇನ್ನು ಕಥೆಯ ಮುಖ್ಯ ತಿರುವು. ಆರಂಭದಲ್ಲಿ ಟಿಕೆಟ್‌ನ ಒಳಗಿನ ಎಂಜಿನ್ ಮುಕ್ತವಾಗಿರಲಿಲ್ಲ. 2021ರಲ್ಲಿ ಅದರ ಮೂಲ ಸಂಕೇತವನ್ನು ಅಪಾಚೆ 2.0 ಪರವಾನಗಿಯಡಿ ತೆರೆದಿಟ್ಟರು. ಅದೇ ವರ್ಷ ನವೆಂಬರ್ ಕೊನೆಗೆ ಕೇಂಬ್ರಿಜ್ ಕ್ವಾಂಟಮ್ ಮತ್ತು ಹನಿವೆಲ್‌ನ ಕ್ವಾಂಟಮ್ ವಿಭಾಗ ಒಂದಾಗಿ 'ಕ್ವಾಂಟಿನಿಯಮ್' ಎಂಬ ಹೊಸ ಕಂಪನಿಯಾಯಿತು. 'ಪೈಟಿಕೆಟ್-ಹನಿವೆಲ್' ಎಂಬ ವಿಸ್ತರಣೆಯ ಹೆಸರೂ 'ಪೈಟಿಕೆಟ್-ಕ್ವಾಂಟಿನಿಯಮ್' ಆಯಿತು. ಅಂದರೆ ಏನಾಯ್ತು ನೋಡಿ. ಯಾವ ದಡಕ್ಕೂ ಸೇರದೆ ನಡುವೆ ಸೇತುವೆ ಕಟ್ಟುತ್ತಿದ್ದವನು ಈಗ ತಾನೇ ಒಂದು ದಡದ ಒಡೆಯ! ಐಬಿಎಂ ಯಂತ್ರಕ್ಕೆ ದಾರಿ ಮಾಡಿಕೊಡುವ ತಂತ್ರಾಂಶ ಈಗ ಐಬಿಎಂನ ಪ್ರತಿಸ್ಪರ್ಧಿಯ ಕೈಯಲ್ಲಿ.

ಇದನ್ನು ಓದಿದಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು. ನಾಳೆ ಇವರು ಬೇರೆಯವರ ಬಾಗಿಲು ಮುಚ್ಚಿ ತಮ್ಮದೊಂದನ್ನೇ ತೆರೆದಿಟ್ಟರೆ? ಅವರು ಹಾಗೆ ಮಾಡುತ್ತಾರೆ ಎನ್ನುತ್ತಿಲ್ಲ, ಮಾಡಿದರೆ ಎನ್ನುವ ಪ್ರಶ್ನೆ. ಉತ್ತರ ಇರುವುದು ಆ 2021ರ ಪರವಾನಗಿಯಲ್ಲಿ. ಒಮ್ಮೆ ಅಪಾಚೆ ಪರವಾನಗಿಯಲ್ಲಿ ಕೊಟ್ಟ ಸಂಕೇತವನ್ನು, ಷರತ್ತುಗಳಿಗೆ ಬದ್ಧರಾಗಿರುವ ತನಕ, ಯಾರು ಬೇಕಾದರೂ ನಕಲು ಮಾಡಿಕೊಂಡು ಮುಂದುವರಿಸಬಹುದು. ನಾಳಿನ ಆವೃತ್ತಿಗೆ ಬೀಗ ಹಾಕಬಹುದು, ನೆನ್ನೆ ಕೊಟ್ಟದ್ದಕ್ಕೆ ಹಾಕಲಾಗದು. ಬೇರೆ ಸೇತುವೆಗಳೂ ಇವೆ ಅನ್ನಿ. ಪೆನಿಲೇನ್ ತನ್ನದೇ ಪ್ಲಗಿನ್‌ಗಳ ಮೂಲಕ ಬೇರೆ ತಂತ್ರಾಂಶಗಳಿಗೆ ಕೈ ಚಾಚಿದೆ. ಓಪನ್ ಕ್ವಾಸಮ್ ಕಡತವನ್ನು ಓದುವ ತಂತ್ರಾಂಶಗಳು ಹಲವಿವೆ. ಆದರೂ ತತ್ತ್ವ ಒಂದೇ: ಮಾಲೀಕ ಬದಲಾದರೂ ದಾರಿ ಮುಚ್ಚಿಹೋಗದಂತೆ ಕಾಯುವುದು ಅವನ ಒಳ್ಳೆಯತನವಲ್ಲ, ಪರವಾನಗಿ.

ನಮಗೂ ಇದಕ್ಕೂ ಏನು ಸಂಬಂಧ ಎಂದರೆ, ಇದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸುಮಾರು 6,000 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಕ್ವಾಂಟಮ್ ಕಂಪ್ಯೂಟಿಂಗಿನ ಕೇಂದ್ರಸ್ಥಾನ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ನಾಳೆ ಇಲ್ಲಿಯೂ ಯಂತ್ರಗಳು ಬರುತ್ತವೆ, ಅವಕ್ಕೂ ಅವುಗಳದೇ ಮೈಕಟ್ಟು ಇರುತ್ತದೆ. ಆಗ ಯಾರಾದರೂ ಎಷ್ಟು ಕ್ಯೂಬಿಟ್ ಎಂದು ಕೇಳುವ ಜೊತೆಗೆ, ಅದಕ್ಕೆ ಬೇರೆ ತಂತ್ರಾಂಶಗಳಿಂದ ದಾರಿ ಇದೆಯೇ, ಆ ದಾರಿ ಮುಕ್ತವೇ ಎಂದೂ ಕೇಳಲಿ ಎನ್ನುವುದು ನನ್ನ ಆಸೆ. ಕಾಲೇಜಿನ ಹುಡುಗಿಯೊಬ್ಬಳು ಇವತ್ತು ತನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಬರೆದ ಸರ್ಕ್ಯೂಟು ಹತ್ತು ವರ್ಷ ಬಿಟ್ಟು ಯಾವುದೋ ಊರಿನ ಯಾವುದೋ ಯಂತ್ರದ ಮೇಲೆ ಓಡಬೇಕಾದರೆ ನಡುವೆ ಒಂದು ಹಲಗೆ ಬೇಕೇ ಬೇಕು.

ಅಂದ ಹಾಗೆ, ನನ್ನ ಪ್ರೋಗ್ರಾಮ್ ಏನಾಯಿತು ಎಂದು ಕೇಳಲಿಲ್ಲ ನೀವು. ಕೈಯಾರೆ ಮಾಡಿದ ಪರಿವರ್ತನೆಯನ್ನೆಲ್ಲ ಅಳಿಸಿ, ಸರ್ಕ್‌ನಿಂದ ಟಿಕೆಟ್‌ಗೆ, ಟಿಕೆಟ್‌ನಿಂದ ಕಿಸ್ಕಿಟ್‌ಗೆ, ಎರಡು ಸಾಲಿನಲ್ಲಿ ಮುಗಿಯಿತು. ಓಡಿಸಿದೆ. ಕಿಸ್ಕಿಟ್ ತನ್ನ ಪದ್ಧತಿಯಂತೆ ಈಗಲೂ ಬಲದಿಂದಲೇ ಎಣಿಸುತ್ತದೆ, ನಾನೂ ಬಲದಿಂದಲೇ ಓದಿಕೊಂಡೆ. ಉತ್ತರ ಸರಿ ಬಂತು. ಮೂರನೇ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ :)

ನೀವೂ ಯಾವುದಾದರೂ ಪರಿವರ್ತಕ ಬರೆದವರೋ, ಅದಕ್ಕೆ ತೇಪೆ ಹಾಕಿದವರೋ ಆಗಿದ್ದರೆ ನಿಮಗೊಂದು ನಮಸ್ಕಾರ. ನಿಮ್ಮ ಹಲಗೆಯ ಮೇಲೆ ನಡೆದು ಹೋದವರಿಗೆ ನಿಮ್ಮ ಹೆಸರು ಗೊತ್ತಿರುವುದಿಲ್ಲ, ನೆನ್ನೆ ರಾತ್ರಿಯ ತನಕ ನನಗೂ ಗೊತ್ತಿರಲಿಲ್ಲ. ಆದರೆ ಆಚೆ ದಡ ಸೇರಿದ್ದಂತೂ ನಿಜ.